ಮನೆಯ ಉಗ್ರಾಣ ಮತ್ತು ಹಿತ್ತಲ ತೋಟ: ಸ್ವಂತ ಬಳಕೆಯ ಕಾಳು, ಮಸಾಲೆ, ತರಕಾರಿಗಳನ್ನು ಬೆಳೆದು ಕಾಪಿಡುವ ಕ್ರಮ

ಜನವರಿಯಲ್ಲಿ ತೊಗರಿ ಒಕ್ಕಿ, ಕಣದಿಂದಲೇ ಅಷ್ಟನ್ನೂ ಮಾರಿ, ಶ್ರಾವಣ ಬರುವ ಹೊತ್ತಿಗೆ ಅಂಗಡಿಯಿಂದ ತೊಗರಿಬೇಳೆ ಕೊಂಡು ತರುವ ಕೃಷಿ ಕುಟುಂಬಗಳು ನಮ್ಮ ಒಣಬೇಸಾಯ ಪ್ರದೇಶದಲ್ಲಿ ಇಂದು ಸಾಕಷ್ಟಿವೆ. ಕಾರಣ ಕೇಳಿದರೆ ಹಣದ ಅಡಚಣೆಯ ಜೊತೆಗೆ ಎಲ್ಲ ಕಡೆಯೂ ಕೇಳಿಬರುವ ಉತ್ತರ ಒಂದೇ: "ಇಟ್ಟರೆ ಹುಳ ಹಿಡಿಯುತ್ತದೆ." ಈ ಉತ್ತರದಲ್ಲಿ ಸತ್ಯವಿದೆ. ಬೆಳೆಯುವ ವಿಧಾನವನ್ನು ಕುರಿತು ನಾವು ವಿಜ್ಞಾನಿಗಳು ಎಷ್ಟೋ ಹೇಳಿದ್ದೇವೆ. ಬೆಳೆದದ್ದನ್ನು ಮನೆಯೊಳಗೆ ಹನ್ನೆರಡು ತಿಂಗಳು ಉಳಿಸುವ ವಿಧಾನವನ್ನು ಕುರಿತು ಹೇಳಿದ್ದು ಕಡಿಮೆ. ಆ ತೆರವನ್ನು ವಿಷದ ಗುಳಿಗೆಗಳು ತುಂಬಿಕೊಂಡಿರುವುದು ಆತಂಕದ ಸಂಗತಿ. ಮನೆ ಬಳಕೆಗೆ ಬೇಕಾದ ಮುಖ್ಯ ಪದಾರ್ಥಗಳನ್ನು ಕಡಿಮೆ ಖರ್ಚಿನಲ್ಲಿ ಬೆಳೆದುಕೊಳ್ಳುವ ಹಾಗೂ ವಿಷವಿಲ್ಲದೆ ಕಾಪಾಡಿಕೊಳ್ಳುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎಷ್ಟು ಉಳಿಸಿಕೊಳ್ಳಬೇಕು?

ಮೊದಲು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಐದು ಜನರ ಕುಟುಂಬಕ್ಕೆ ತಿಂಗಳಿಗೆ ನಾಲ್ಕೂವರೆ ಕಿ.ಗ್ರಾಂ. ಬೇಳೆ ಬೇಕೆಂದಿಟ್ಟುಕೊಂಡರೆ ವರ್ಷಕ್ಕೆ 54 ಕಿ.ಗ್ರಾಂ. ಆಗುತ್ತದೆ. ಮನೆಯಲ್ಲಿ ಬೀಸಿದಾಗ ಒಂದು ಕ್ವಿಂಟಾಲ್ ತೊಗರಿಗೆ ಸುಮಾರು 65 ಕಿ.ಗ್ರಾಂ. ಬೇಳೆ ದೊರೆಯುವುದೆಂದು ಹಿಡಿದರೆ, ಉಳಿಸಿಕೊಳ್ಳಬೇಕಾದ ತೊಗರಿ 80ರಿಂದ 85 ಕಿ.ಗ್ರಾಂ. ಮಾತ್ರ. ಮಾರಾಟದ ಬೆಳೆಯಲ್ಲಿ ಇದು ಒಂದು ಚೀಲದ ಮಾತು. ನುಚ್ಚು ಮತ್ತು ಹೊಟ್ಟು ದನಗಳಿಗೆ ಉಳಿಯುತ್ತವೆ. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಸಿನ, ಹುರಳಿ, ಅವರೆ, ಕಡಲೆಕಾಯಿಗಳಿಗೂ ಇದೇ ರೀತಿ ಮನೆಯ ಹೆಣ್ಣುಮಕ್ಕಳನ್ನು ಕೇಳಿ ಲೆಕ್ಕ ಬರೆದಿಟ್ಟುಕೊಳ್ಳಬೇಕು. ಗಂಡಸರು ಅಂದಾಜಿನಲ್ಲಿ ಹೇಳುವ ಅಂಕಿ ಸಾಮಾನ್ಯವಾಗಿ ತಪ್ಪಿರುತ್ತದೆ ಎಂಬುದು ನನ್ನ ಅನುಭವ.

ಇವುಗಳಿಗಾಗಿ ಬೇರೆ ಹೊಲ ಬೇಕಾಗಿಲ್ಲ. ರಾಗಿ ಬೆಳೆಯುವ ದಕ್ಷಿಣದ ಜಿಲ್ಲೆಗಳಲ್ಲಿ ಅಕ್ಕಡಿ ಸಾಲುಗಳ ಪದ್ಧತಿ ಇದ್ದದ್ದೇ ಇದಕ್ಕಾಗಿ. ರಾಗಿಯ ನಡುವೆ ತೊಗರಿ, ಅವರೆ, ಅಲಸಂದೆ, ಸಾಸಿವೆ, ಹುಚ್ಚೆಳ್ಳು, ಅಂಚಿನಲ್ಲಿ ಹರಳು, ಮೇವಿಗೆ ಜೋಳ: ಹಿರಿಯರು ಒಂದೇ ಹೊಲದಲ್ಲಿ ಅಡುಗೆಮನೆಯ ಪಟ್ಟಿಯನ್ನೇ ಬಿತ್ತುತ್ತಿದ್ದರು. ಈಗಿನ ಶಿಫಾರಸಿನಂತೆ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಬಿತ್ತಬಹುದು. ಮಳೆ ಕೈಕೊಡದಿದ್ದರೆ ಒಂದು ಎಕರೆ ರಾಗಿಯ ನಡುವಿನ ಅಕ್ಕಡಿಯು ಮನೆಯ ಬೇಳೆಯ ಅಗತ್ಯದ ದೊಡ್ಡ ಭಾಗವನ್ನು ಪೂರೈಸಬಲ್ಲದು. ಉತ್ತರದ ಎರೆಭೂಮಿಯಲ್ಲಿ ಹಿಂಗಾರಿ ಕಡಲೆಯೊಡನೆ ಒಂದೆರಡು ಸಾಲು ಕೊತ್ತಂಬರಿ ಮತ್ತು ಕುಸುಬೆ ಬಿತ್ತಿಕೊಂಡರೆ ಮಸಾಲೆ ಹಾಗೂ ಎಣ್ಣೆಯ ಒಂದು ಪಾಲು ಮನೆಯಲ್ಲೇ ಸಿಗುತ್ತದೆ.

ಒಣಗಿಸುವಿಕೆ

ಸಂಗ್ರಹಣೆಯ ಯಶಸ್ಸು ಡಬ್ಬಿಯಲ್ಲಿ ನಿರ್ಧಾರವಾಗುವುದಿಲ್ಲ, ಕಣದಲ್ಲಿ ನಿರ್ಧಾರವಾಗುತ್ತದೆ. ಕಾಳಿನಲ್ಲಿರುವ ತೇವಾಂಶವು ಏಕದಳ ಧಾನ್ಯಗಳಲ್ಲಿ ಶೇ 12ಕ್ಕಿಂತ, ಬೇಳೆಕಾಳುಗಳಲ್ಲಿ ಶೇ 9-10ಕ್ಕಿಂತ, ಸಿಪ್ಪೆ ಸಹಿತ ಕಡಲೆಕಾಯಿಯಲ್ಲಿ ಶೇ 8-9ಕ್ಕಿಂತ ಹೆಚ್ಚಿರಬಾರದು. ತೇವಮಾಪಕ ಎಲ್ಲರ ಬಳಿಯೂ ಇರುವುದಿಲ್ಲ. ಆಗ ಒಂದು ಸುಲಭ ಪರೀಕ್ಷೆಯಿದೆ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲುಭಾಗ ಕಾಳು ಹಾಗೂ ಒಂದೆರಡು ಚಮಚ ಒಣ ಪುಡಿ ಉಪ್ಪು ಹಾಕಿ, ಮುಚ್ಚಿ, ಕೆಲವು ನಿಮಿಷ ಅಲುಗಿಸಿ ಇಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ 15ಕ್ಕಿಂತ ಹೆಚ್ಚಿದೆ ಎಂದರ್ಥ. ಅಂತಹ ಕಾಳನ್ನು ತುಂಬಲೇಬಾರದು. ಉಪ್ಪು ಅಂಟದಿದ್ದರೆ ಅಷ್ಟಕ್ಕೇ ತೃಪ್ತಿಪಡದೆ ಬೇಳೆಕಾಳನ್ನು ಇನ್ನೂ ಎರಡು ಮೂರು ದಿನ ಬಿಸಿಲಿಗೆ ಹಾಕಬೇಕು. ಹಲ್ಲಿನಿಂದ ಕಚ್ಚಿದಾಗ ಕಾಳು ಚಪ್ಪಟೆಯಾಗದೆ ಟಕ್ಕೆಂದು ಒಡೆಯಬೇಕು.

ಡಾಂಬರು ರಸ್ತೆಯ ಮೇಲೆ, ಬರಿ ನೆಲದ ಮೇಲೆ ಒಣಹಾಕುವುದನ್ನು ಬಿಡಬೇಕು. ಟಾರ್ಪಾಲಿನ್ ಮೇಲೆ ಒಂದೆರಡು ಅಂಗುಲ ದಪ್ಪಕ್ಕೆ ಹರಡಿ, ಆಗಾಗ ಕೈಯಾಡಿಸಬೇಕು. ಸಂಜೆ ಬಿಸಿಯಾಗಿರುವಾಗಲೇ ಚೀಲಕ್ಕೆ ತುಂಬುವುದು ಬಹಳ ಮಂದಿ ಮಾಡುವ ತಪ್ಪು. ಬಿಸಿ ಕಾಳು ಡಬ್ಬಿಯೊಳಗೆ ಬೆವರುತ್ತದೆ, ಆ ಬೆವರಿನಲ್ಲೇ ಬೂಷ್ಟು ಹುಟ್ಟುತ್ತದೆ. ನೆರಳಿನಲ್ಲಿ ಪೂರ್ತಿ ಆರಿದ ನಂತರವೇ ತುಂಬಬೇಕು.

ಕಾಳಿನ ಹುಳು ಎಲ್ಲಿಂದ ಬರುತ್ತದೆ?

ತೊಗರಿ, ಹೆಸರು, ಅಲಸಂದೆ, ಅವರೆ, ಕಡಲೆಗಳಲ್ಲಿ ದುಂಡನೆಯ ರಂಧ್ರ ಕೊರೆದು ಹೊರಬರುವ ಕಂದು ದುಂಬಿಯು ಉಗ್ರಾಣದಲ್ಲಿ ಹುಟ್ಟಿದ್ದಲ್ಲ. ಹೊಲದಲ್ಲಿ ಕಾಯಿ ಬಲಿತು ಒಣಗುತ್ತಿರುವಾಗಲೇ ತಾಯಿ ದುಂಬಿ ಅದರ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ನೇರವಾಗಿ ಕಾಳಿನೊಳಗೆ ಕೊರೆದುಕೊಂಡು ಹೋಗುವುದರಿಂದ ಒಕ್ಕಣೆಯಲ್ಲಿ ಏನೂ ಕಾಣುವುದಿಲ್ಲ. ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿದು, ಹೊರಬಂದ ಪ್ರತಿ ಹೆಣ್ಣು ದುಂಬಿ ಹತ್ತಾರು ಮೊಟ್ಟೆಗಳನ್ನು ಉಗ್ರಾಣದ ಕಾಳಿನ ಮೇಲಿಡುತ್ತದೆ. ಆದ್ದರಿಂದಲೇ ಫೆಬ್ರುವರಿಯಲ್ಲಿ ಚೊಕ್ಕಟವಾಗಿದ್ದ ಚೀಲ ಮೇ ತಿಂಗಳಿಗೆ ಹಿಟ್ಟಾಗಿರುತ್ತದೆ. ಕಾಳಿನ ಮೇಲೆ ಅಂಟಿದ ಬಿಳಿ ಚುಕ್ಕೆಗಳು ಕಂಡರೆ ಅವು ಮೊಟ್ಟೆಗಳೆಂದು ತಿಳಿಯಬೇಕು. ಬಲಿತ ಬೆಳೆಯನ್ನು ಹೊಲದಲ್ಲಿ ಬಹಳ ದಿನ ಬಿಡದೆ ಕಟಾವು ಮಾಡುವುದು ಮೊದಲ ರಕ್ಷಣೆ.

ಎರಡನೆಯದು ಬಿಸಿಲು. ಸಾಧಾರಣ ಒಣಗಿಸುವಿಕೆಯಿಂದ ಕಾಳಿನೊಳಗಿನ ಮರಿ ಸಾಯುವುದಿಲ್ಲ. ನೆಲದ ಮೇಲೆ ಹುಲ್ಲು ಅಥವಾ ಗೋಣಿಚೀಲ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಹಾಳೆ ಹರಡಿ, ಒಣಗಿದ ಕಾಳನ್ನು ಒಂದು ಅಂಗುಲ ದಪ್ಪಕ್ಕೆ ಹಾಕಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಸುತ್ತಲೂ ಅಂಚುಗಳನ್ನು ಮಡಚಿ ಕಲ್ಲು ಇಟ್ಟು ಬಂದ್ ಮಾಡಬೇಕು. ಬೇಸಿಗೆಯ ಬಿರುಬಿಸಿಲಿನಲ್ಲಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಹೀಗಿಟ್ಟರೆ ಒಳಗಿನ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಏರಿ ಮೊಟ್ಟೆ, ಮರಿ, ದುಂಬಿ ಎಲ್ಲವೂ ಸಾಯುತ್ತವೆ. ಮೋಡದ ದಿನ ಇದು ಕೆಲಸಕ್ಕೆ ಬಾರದು. ಹಾಳೆಯ ಒಳಭಾಗದಲ್ಲಿ ನೀರಿನ ಹನಿ ಕಟ್ಟಿದರೆ ಕಾಳು ಇನ್ನೂ ಹಸಿಯಾಗಿದೆ ಎಂದರ್ಥ. ತೆಗೆದು ಮತ್ತೆ ಒಣಗಿಸಿ.

ಮೂರನೆಯದು, ಇಡೀ ಕಾಳನ್ನು ಬೇಳೆ ಮಾಡಿಡುವುದು. ಈ ದುಂಬಿಗೆ ಮೊಟ್ಟೆಯಿಡಲು ಸಿಪ್ಪೆಯಿರುವ ದುಂಡು ಕಾಳು ಬೇಕು. ಬೇಳೆಯನ್ನು ಅದು ಅಷ್ಟಾಗಿ ಬಯಸುವುದಿಲ್ಲ. ಹಳೆಯ ಮೈಸೂರು ಭಾಗದಲ್ಲಿ ತೊಗರಿಯನ್ನು ರಾತ್ರಿ ನೆನೆಸಿ, ಕೆಮ್ಮಣ್ಣು ಕಟ್ಟಿ, ಒಂದು ರಾತ್ರಿ ಗುಡ್ಡೆ ಹಾಕಿ, ಮೂರು ನಾಲ್ಕು ದಿನ ಬಿಸಿಲಿನಲ್ಲಿ ಒಣಗಿಸಿ, ಮಣ್ಣನ್ನು ಜರಡಿ ಹಿಡಿದು ಬೀಸುಕಲ್ಲಿಗೆ ಹಾಕುತ್ತಾರೆ. ಕಲಬುರಗಿ ಕಡೆ ಕಾಳಿಗೆ ಎಣ್ಣೆ ಸವರಿ, ಬಿಸಿಲಿಗಿಟ್ಟು, ನೀರು ಚಿಮುಕಿಸಿ ಒಡೆಯುವ ಕ್ರಮವಿದೆ. ಎರಡರ ಉದ್ದೇಶವೂ ಸಿಪ್ಪೆಯನ್ನು ಬೇಳೆಯಿಂದ ಸಡಿಲಿಸುವುದೇ. ಬೇಸಿಗೆಯ ಹದಿನೈದು ದಿನಗಳಲ್ಲಿ ವರ್ಷದ ಬೇಳೆಯನ್ನು ಒಮ್ಮೆಗೇ ಮಾಡಿಟ್ಟುಕೊಳ್ಳುವ ಹಿರಿಯರ ರೂಢಿ ಬರಿಯ ಅನುಕೂಲಕ್ಕಾಗಿ ಇರಲಿಲ್ಲ. ಬೀಸುಕಲ್ಲಿನ ಶ್ರಮ ಈಗ ಯಾರಿಗೂ ಬೇಡ, ಬೇಕೆಂದು ಹೇಳುವ ಹಕ್ಕೂ ನನಗಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ರೂಪಿಸಿದ ಸಣ್ಣ ಬೇಳೆ ಯಂತ್ರಗಳಂತಹವನ್ನು ಸ್ವಸಹಾಯ ಸಂಘದ ಮೂಲಕ ಊರಿಗೊಂದು ತರಿಸಿಕೊಳ್ಳುವುದು ಹೆಚ್ಚು ವಿವೇಕದ ದಾರಿ.

ದುಂಡು ಕಾಳಾಗಿಯೇ ಇಡಬೇಕಾದ ಹುರಳಿ, ಹೆಸರು, ಅಲಸಂದೆಗಳಿಗೆ ಪ್ರತಿ ಕಿ.ಗ್ರಾಂ.ಗೆ 5 ಮಿ.ಲೀ. ಹರಳೆಣ್ಣೆ ಅಥವಾ ಯಾವುದೇ ಅಡುಗೆ ಎಣ್ಣೆಯನ್ನು ಕೈಯಿಂದ ಚೆನ್ನಾಗಿ ಸವರಬೇಕು. ಎಣ್ಣೆಯ ತೆಳು ಪೊರೆಯಿಂದ ಮೊಟ್ಟೆಗೆ ಉಸಿರಾಟ ನಿಲ್ಲುತ್ತದೆ. ಬಿತ್ತನೆಗೆ ಇಡುವ ಕಾಳಿಗಾದರೆ ಬೇವಿನೆಣ್ಣೆ ಬಳಸಬಹುದು. ಒಣಗಿದ ಬೇವಿನ ಎಲೆಯನ್ನು ಡಬ್ಬಿಯಲ್ಲಿ ನಾಲ್ಕು ಹಾಕಿದರೆ ಸಾಕೆಂಬ ನಂಬಿಕೆ ವ್ಯಾಪಕವಾಗಿದೆ. ಅದೊಂದರಿಂದಲೇ ಕಾಳು ಉಳಿಯದು.

ಗಾಳಿಯಾಡದ ಡಬ್ಬಿ

ಮಂಡ್ಯ, ತುಮಕೂರು, ಕೋಲಾರದ ಹಿರಿಯರಿಗೆ ಹಗೇವು ನೆನಪಿರಬಹುದು. ಗಟ್ಟಿ ನೆಲದಲ್ಲಿ ತೋಡಿದ ಆ ಹೂಜಿಯಾಕಾರದ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬಾಯಿ ಮುಚ್ಚಿದ ಮೇಲೆ ಕಾಳು ಮತ್ತು ಹುಳು ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಮುಗಿಯುತ್ತದೆ, ಹುಳು ಸಾಯುತ್ತದೆ. ತೆರೆದ ಕೂಡಲೇ ಒಳಗಿಳಿದ ಮನುಷ್ಯನೂ ಸಾಯುತ್ತಾನೆ. ಆದ್ದರಿಂದ ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಇಳಿಯುತ್ತಿದ್ದರು. ಈಗ ಮಾರುಕಟ್ಟೆಯಲ್ಲಿ ದೊರೆಯುವ ಮೂರು ಪದರದ ಗಾಳಿಯಾಡದ ಚೀಲದ ತತ್ತ್ವವೂ ಇದೇ, ಆದರೆ ಅಪಾಯವಿಲ್ಲದೆ.

ಈ ಚೀಲ ಸಿಗದಿದ್ದರೆ ರಬ್ಬರ್ ಮುಚ್ಚಳದ ಡ್ರಮ್ ಅಥವಾ ತೊಳೆದು ಪೂರ್ತಿ ಒಣಗಿಸಿದ ಎರಡು ಲೀಟರಿನ ನೀರಿನ ಬಾಟಲಿಗಳನ್ನು ಬಳಸಬಹುದು. ಬಾಯಿಯವರೆಗೂ ಕುಲುಕಿ ತುಂಬಬೇಕು. ಅರ್ಧ ಖಾಲಿ ಡಬ್ಬಿಯಲ್ಲಿ ಹುಳುವಿಗೆ ಬೇಕಾದಷ್ಟು ಗಾಳಿ ಉಳಿದಿರುತ್ತದೆ. ಒಂದು ದೊಡ್ಡ ಡ್ರಮ್ಮನ್ನು ದಿನವೂ ತೆರೆಯುವುದಕ್ಕಿಂತ ತಿಂಗಳಿಗೊಂದರಂತೆ ಹನ್ನೆರಡು ಸಣ್ಣ ಡಬ್ಬಿಗಳಲ್ಲಿ ಇಡುವುದು ಎಷ್ಟೋ ಮೇಲು. ತೆರೆದದ್ದು ಒಂದೇ ಡಬ್ಬಿ, ಕೆಟ್ಟರೆ ಕೆಡುವುದೂ ಅಷ್ಟೇ. ಸರಿಯಾಗಿ ಒಣಗದ ಕಾಳನ್ನು ಮಾತ್ರ ಯಾವ ಕಾರಣಕ್ಕೂ ಹೀಗೆ ಮುಚ್ಚಿಡಬಾರದು. ಕೀಟನಾಶಕ, ಬಣ್ಣ ತುಂಬಿದ್ದ ಡಬ್ಬಿಗಳನ್ನು ಎಷ್ಟು ತೊಳೆದರೂ ಆಹಾರಕ್ಕೆ ಬಳಸಕೂಡದು.

ಗುಳಿಗೆಗಳ ಬಗ್ಗೆ ಎಚ್ಚರಿಕೆ

ಗ್ರಾಮ ಭೇಟಿಯ ಸಂದರ್ಭದಲ್ಲಿ ಮಲಗುವ ಕೋಣೆಯ ಮಂಚದ ಕೆಳಗಿದ್ದ ಅಕ್ಕಿಯ ಡ್ರಮ್ಮಿನಿಂದ ಬಟ್ಟೆಯಲ್ಲಿ ಕಟ್ಟಿದ ಗುಳಿಗೆಯನ್ನು ತೆಗೆದು ತೋರಿಸಿದವರಿದ್ದಾರೆ. ಅದೇ ಕೋಣೆಯಲ್ಲಿ ಮಗುವಿನ ತೊಟ್ಟಿಲಿತ್ತು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಗುಲಿದೊಡನೆ ಮೂರು ಗ್ರಾಂ ತೂಕದ ಒಂದು ಗುಳಿಗೆ ಒಂದು ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಈ ವಿಷಕ್ಕೆ ಪ್ರತಿವಿಷವಿಲ್ಲ. ಭಾರತದಲ್ಲಿ ಇದು ನಿರ್ಬಂಧಿತ ಕೀಟನಾಶಕ. ಸರ್ಕಾರಿ ಸಂಸ್ಥೆಗಳು ಹಾಗೂ ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣ ನಿರ್ವಾಹಕರಿಗೆ ಮಾತ್ರ ಅದರ ಬಳಕೆಗೆ ಅವಕಾಶವಿದೆ. ಜನರು ವಾಸಿಸುವ ಮನೆಯೊಳಗೆ ಒಂದೇ ಒಂದು ಗುಳಿಗೆಯನ್ನೂ ಇಡಬಾರದು. ವಾಸನೆ ಬರುತ್ತಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಗುಳಿಗೆ ಇಟ್ಟ ಮನೆಯಲ್ಲಿ ಯಾರಿಗಾದರೂ ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಕಂಡುಬಂದರೆ ಎಲ್ಲರನ್ನೂ ತಕ್ಷಣ ಬಯಲಿಗೆ ಕರೆತಂದು, ತಡಮಾಡದೆ ಆಸ್ಪತ್ರೆಗೆ ಒಯ್ದು, ಗುಳಿಗೆಯ ವಿಷಯವನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ಅಕ್ಕಿ, ಬೇಳೆಗೆ ಬೋರಿಕ್ ಪುಡಿ ಬೆರೆಸುವ ರೂಢಿಯನ್ನೂ ಕೈಬಿಡಬೇಕು. ಅದು ಆಹಾರದಲ್ಲಿ ಬೆರೆಸಲು ಅನುಮತಿಯಿರುವ ವಸ್ತುವಲ್ಲ. ವಿಸ್ತರಣಾ ಕಾರ್ಯಕರ್ತರು ಗುಳಿಗೆ ಬೇಡವೆಂದು ಹೇಳಿ ಬರುವುದರಿಂದ ಪ್ರಯೋಜನವಿಲ್ಲ. ಕಪ್ಪು ಹಾಳೆಯ ವಿಧಾನವನ್ನು ಒಂದು ಮನೆಯ ಅಂಗಳದಲ್ಲಿ ಎಲ್ಲರೆದುರು ಮಾಡಿ ತೋರಿಸಿದರೆ ಗುಳಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ.

ಕಡಲೆಕಾಯಿ, ಮೆಣಸಿನಕಾಯಿ, ಅರಿಸಿನ

ಕಡಲೆಕಾಯಿ ಮತ್ತು ಮೆಣಸಿನಕಾಯಿಗೆ ಹುಳುವಿಗಿಂತ ಬೂಷ್ಟು ದೊಡ್ಡ ಶತ್ರು. ಹಸಿರು-ಹಳದಿ ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿ ಮಾಡುತ್ತದೆ. ಹುರಿದರೂ ಬೇಯಿಸಿದರೂ ಅದು ನಾಶವಾಗುವುದಿಲ್ಲ. ಆದ್ದರಿಂದ ಸುಕ್ಕಾದ, ಬಣ್ಣಗೆಟ್ಟ, ಬೂಷ್ಟು ತಗುಲಿದ ಬೀಜವನ್ನು ಆರಿಸಿ ಹೊರಹಾಕಬೇಕು. ಅದನ್ನು ಗಾಣಕ್ಕಾಗಲಿ, ಚಟ್ನಿಪುಡಿಗಾಗಲಿ, ದನಕ್ಕಾಗಲಿ ಹಾಕಬಾರದು. ಕಡಲೆಕಾಯಿಯನ್ನು ಸಿಪ್ಪೆ ಸಹಿತವಾಗಿಯೇ ಇಟ್ಟು, ಬೇಕಾದಾಗ ಸುಲಿದುಕೊಳ್ಳುವುದು ಉತ್ತಮ.

ಮೆಣಸಿನಕಾಯಿ ಗಿಡದಲ್ಲೇ ಪೂರ್ತಿ ಕೆಂಪಾದ ಮೇಲೆ ಕಿತ್ತು, ಟಾರ್ಪಾಲಿನ್ ಮೇಲೆ ಒಣಗಿಸಿ, ರಾತ್ರಿ ಇಬ್ಬನಿ ತಾಗದಂತೆ ಮುಚ್ಚಬೇಕು. ಅಲುಗಿಸಿದಾಗ ಬೀಜ ಗಲಗಲನೆ ಸದ್ದು ಮಾಡಬೇಕು. ತೂಕ ಹೆಚ್ಚಲೆಂದೋ ಕಾಯಿ ಮುರಿಯದಿರಲೆಂದೋ ನೀರು ಚಿಮುಕಿಸಿದ ಕಾಯಿಯನ್ನು ಮನೆಗೆ ಇಟ್ಟುಕೊಳ್ಳಬಾರದು. ಬ್ಯಾಡಗಿಯ ಕೆಂಪು ಬಣ್ಣ ಬೆಳಕಿನಲ್ಲಿ ಮಾಸುತ್ತದೆ, ಹಾಗಾಗಿ ಕತ್ತಲಿರುವಲ್ಲಿ ಇಡಿಯಾಗಿಯೇ ಇಟ್ಟು, ಒಂದೆರಡು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಪುಡಿ ಮಾಡಿಸಿ. ವರ್ಷದ ಸಾರಿನ ಪುಡಿಯನ್ನು ಒಟ್ಟಿಗೆ ಮಾಡಿಡುವುದು ಹೆಮ್ಮೆಯ ವಿಷಯವಿರಬಹುದು, ಪರಿಮಳದ ದೃಷ್ಟಿಯಿಂದ ನಷ್ಟವೇ.

ಅರಿಸಿನಕ್ಕೆ ಹಿತ್ತಲಿನ ಒಂದೆರಡು ಮಡಿ ಸಾಕು. ಅಗೆದ ಗೆಡ್ಡೆಯನ್ನು ತೊಳೆದು, ಮುಕ್ಕಾಲರಿಂದ ಒಂದು ಗಂಟೆ ಕುದಿಸಿ, ನೊರೆ ಎದ್ದು ಘಮ ಬಂದಮೇಲೆ ತೆಗೆದು, 10ರಿಂದ 15 ದಿನ ಒಣಗಿಸಬೇಕು. ಮುರಿದರೆ ಲೋಹದಂತಹ ಸದ್ದು ಬರಬೇಕು. ಐದು ಕಿ.ಗ್ರಾಂ. ಹಸಿ ಗೆಡ್ಡೆಗೆ ಸುಮಾರು ಒಂದು ಕಿ.ಗ್ರಾಂ. ಒಣ ಅರಿಸಿನ ಸಿಗುತ್ತದೆ.

ಉಪ್ಪು ಮತ್ತು ಬಿಸಿಲಿನಲ್ಲಿ ಉಳಿಯುವವು

ಮಿಡಿಯಾಗಲಿ ನಿಂಬೆಯಾಗಲಿ, ಉಪ್ಪಿನಕಾಯಿ ಉಳಿಯುವುದು ಉಪ್ಪಿನಿಂದ. ಒಂದು ಕಿ.ಗ್ರಾಂ. ಮಾವಿನ ಮಿಡಿಗೆ 200ರಿಂದ 250 ಗ್ರಾಂ ಹುರಿದ ಕಲ್ಲುಪ್ಪು ಹಾಕಿ, ಭರಣಿಯಲ್ಲಿ ಪದರ ಪದರವಾಗಿ ತುಂಬಿ, ಮಿಡಿ ತನ್ನ ನೀರು ಬಿಟ್ಟು ಸುಕ್ಕುಗಟ್ಟುವವರೆಗೆ ಬಿಡಬೇಕು. ಮಿಡಿಗಳು ಉಪ್ಪುನೀರಿನಲ್ಲಿ ಮುಳುಗಿಯೇ ಇರಬೇಕು, ಮೇಲೆ ತೇಲಿದವಕ್ಕೆ ಬೂಷ್ಟು ಬರುತ್ತದೆ. ಆರೋಗ್ಯದ ಕಾರಣಕ್ಕೆ ಉಪ್ಪು ಕಡಿಮೆ ಬೇಕೆನ್ನುವವರು ಉಪ್ಪಿನಕಾಯಿಯನ್ನು ಕಡಿಮೆ ತಿನ್ನಬೇಕೇ ಹೊರತು ಭರಣಿಗೆ ಉಪ್ಪು ಕಡಿಮೆ ಹಾಕಬಾರದು. ಅಲ್ಯೂಮಿನಿಯಂ, ತಾಮ್ರದ ಪಾತ್ರೆ ಸಲ್ಲದು.

ಹಸಿಮೆಣಸಿನಕಾಯಿ ಬೆಲೆ ಬಿದ್ದಾಗ ಬಾಳಕ ಮಾಡಿಡಬಹುದು. ಸೀಳಿದ ಕಾಯಿಯನ್ನು ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಸಂಜೆ ಅದೇ ಮಜ್ಜಿಗೆಗೆ ಹಾಕಿ, ಮಜ್ಜಿಗೆ ಮುಗಿಯುವವರೆಗೆ ಹೀಗೆ ಮಾಡಿ ಗರಿಗರಿಯಾಗಿ ಒಣಗಿಸಬೇಕು. ಕರಾವಳಿಯವರು ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದಿಂದ ತೂಗುಹಾಕಿ ಮಳೆಗಾಲ ಕಳೆಯುತ್ತಾರೆ. ತೊಟ್ಟು ಸಹಿತ ಕೊಯ್ದ ಬಲಿತ ಬೂದುಗುಂಬಳ, ಸಿಹಿಗುಂಬಳಗಳೂ ತಿಂಗಳುಗಟ್ಟಲೆ ಉಳಿಯುತ್ತವೆ. ಇವಕ್ಕೆ ಯಾವ ಸಂಸ್ಕರಣೆಯೂ ಬೇಡ.

ಎರಡು ಗುಂಟೆಯ ಹಿತ್ತಲು

ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆ. ಐದು ಜನಕ್ಕೆ ದಿನಕ್ಕೆ ಎರಡು ಕಿ.ಗ್ರಾಂ. ಎರಡು ಗುಂಟೆ, ಅಂದರೆ ಸುಮಾರು 200 ಚದರ ಮೀಟರ್ ಜಾಗ ಇಷ್ಟನ್ನೂ ಪ್ರತಿದಿನ ಕೊಡುತ್ತದೆಂದು ಹೇಳಲಾರೆ. ಸೊಪ್ಪು, ನುಗ್ಗೆ, ಕರಿಬೇವು, ಬಳ್ಳಿ ತರಕಾರಿಗಳ ಮಟ್ಟಿಗೆ ಸಂತೆಯ ಖರ್ಚು ಬಹುಪಾಲು ತಪ್ಪುತ್ತದೆ. ನುಗ್ಗೆ, ಪಪ್ಪಾಯಿ, ಬಾಳೆ, ಕರಿಬೇವುಗಳನ್ನು ಉತ್ತರದ ಅಂಚಿನಲ್ಲಿ ನೆಟ್ಟರೆ ಮಡಿಗಳಿಗೆ ನೆರಳಾಗುವುದಿಲ್ಲ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಭಾಗ್ಯ ನುಗ್ಗೆ ಮನೆಯಂಗಳಕ್ಕೆ ಹೊಂದುತ್ತದೆ. ಗಿಡ ಸೊಂಟದೆತ್ತರ ಬೆಳೆದಾಗ ತುದಿ ಚಿವುಟಿದರೆ ಕೈಗೆಟಕುವಷ್ಟರಲ್ಲೇ ಕವಲೊಡೆಯುತ್ತದೆ. ಹೀರೆ, ಸೋರೆ, ಚಪ್ಪರದವರೆ, ಬಸಳೆಗಳಿಗೆ ಬೇಲಿಯೂ ಗೊಬ್ಬರದ ಗುಂಡಿಯ ಮೇಲಿನ ಚಪ್ಪರವೂ ಸಾಕು. ಸೊಪ್ಪನ್ನು ಒಮ್ಮೆಗೇ ಬಿತ್ತದೆ ಹದಿನೈದು ದಿನಕ್ಕೊಂದು ಸಣ್ಣ ಮಡಿಯಂತೆ ಬಿತ್ತಬೇಕು. ಪದೇ ಪದೇ ಕೊಯ್ಯಬಹುದಾದ ಅರ್ಕಾ ಸುಗುಣ ದಂಟು ಬಿತ್ತಿದ ಒಂದು ತಿಂಗಳೊಳಗೆ ಮೊದಲ ಕೊಯ್ಲಿಗೆ ಬರುತ್ತದೆ.

ಬಚ್ಚಲಿನ ಸೋಪು ನೀರು ಬಾಳೆ, ತೆಂಗು, ಪಪ್ಪಾಯಿಯ ಬುಡಕ್ಕೆ ಹೋಗಲಿ, ಸೊಪ್ಪಿನ ಮಡಿಗೆ ಬೇಡ. ಹೇನು ಮತ್ತು ಎಲೆ ತಿನ್ನುವ ಹುಳುಗಳಿಗೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಿಂಪಡಿಸಿದರೆ ಮನೆ ತೋಟಕ್ಕೆ ಸಾಕು.

ಬೀಜ ಉಳಿಸಿಕೊಳ್ಳುವುದು

ಪ್ರತಿವರ್ಷ ಬೀಜದ ಪೊಟ್ಟಣ ಕೊಳ್ಳುವುದಾದರೆ ಹಿತ್ತಲು ಮಿತವ್ಯಯವಾಗದು. ಆದರೆ ಎಲ್ಲ ಬೀಜವನ್ನೂ ಉಳಿಸಲು ಬರುವುದಿಲ್ಲ. ಅರ್ಕಾ ರಕ್ಷಕ್ ಟೊಮೆಟೊದಂತಹ ಸಂಕರಣ ತಳಿಯ ಬೀಜ ಹಾಕಿದರೆ ತಾಯಿಗಿಡದಂತೆ ಬರುವುದಿಲ್ಲ. ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಕೋಮಲ್ ಹುರುಳಿಕಾಯಿ ಮತ್ತು ಊರಿನ ಜವಾರಿ ತಳಿಗಳಿಂದ ಬೀಜ ಉಳಿಸಬಹುದು. ಹುರುಳಿಕಾಯಿ, ಅಲಸಂದೆ, ಟೊಮೆಟೊಗಳು ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತೊಂದರೆಯಿಲ್ಲ. ಟೊಮೆಟೊ ಬೀಜವನ್ನು ತಿರುಳಿನೊಂದಿಗೆ ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆದರೆ ಅಂಟು ಬಿಡುತ್ತದೆ.

ಬಳ್ಳಿ ತರಕಾರಿಗಳಲ್ಲಿ ಎಚ್ಚರ ಬೇಕು. ಜೇನುಹುಳು ಮತ್ತಿತರ ಕೀಟಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಒಯ್ಯುತ್ತವೆ. ಬೇಲಿಯ ಕಾಡು ಸೋರೆಯೊಡನೆ ಬೆರಕೆಯಾದ ಬೀಜದಿಂದ ಬರುವ ಸೋರೆಕಾಯಿ ಕಹಿಯಾಗಿರಬಹುದು. ಕಹಿ ಸೋರೆಯ ರಸ ಕುಡಿದು ರಕ್ತವಾಂತಿಯಾಗಿ ಪ್ರಾಣಾಪಾಯಕ್ಕೆ ಸಿಲುಕಿದವರಿದ್ದಾರೆ. ಅಡುಗೆಗೆ ಮುನ್ನ ಒಂದು ಚೂರು ನಾಲಿಗೆಗಿಟ್ಟು ನೋಡಿ, ಕಹಿಯೆನಿಸಿದರೆ ಉಗುಳಿ, ಕಾಯಿಯನ್ನು ಎಸೆದು, ಆ ಬಳ್ಳಿಯಿಂದ ಬೀಜ ಹಿಡಿಯಬಾರದು. ಶುದ್ಧ ಬೀಜ ಬೇಕಾದರೆ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಹೂವಿನ ಕೆಳಗೆ ಪುಟ್ಟ ಕಾಯಿಯಿರುವುದು ಹೆಣ್ಣು ಹೂ. ಮರುದಿನ ಅರಳಲಿರುವ ಹೆಣ್ಣು ಮತ್ತು ಗಂಡು ಮೊಗ್ಗುಗಳ ತುದಿಯನ್ನು ದಾರದಿಂದ ಮೃದುವಾಗಿ ಕಟ್ಟಿಡಿ. ಸಿಹಿಗುಂಬಳ ಮುಂಜಾನೆಯೇ ಅರಳುತ್ತದೆ, ಸೋರೆ ಮತ್ತು ಹೀರೆ ಸಂಜೆ ಅರಳುತ್ತವೆ. ಆಯಾ ಹೊತ್ತಿಗೆ ದಾರ ಬಿಚ್ಚಿ, ಗಂಡು ಹೂವಿನ ದಳ ಕಿತ್ತು, ಪರಾಗವನ್ನು ಹೆಣ್ಣು ಹೂವಿಗೆ ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟಬೇಕು. ಆ ಕಾಯಿಯ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ, ಬಳ್ಳಿಯಲ್ಲೇ ಪೂರ್ತಿ ಬಲಿತು ಒಣಗುವವರೆಗೆ ಯಾರೂ ಸಾರಿಗೆ ಕೊಯ್ಯದಂತೆ ಮನೆಯವರಿಗೆಲ್ಲ ಹೇಳಿಡಿ. ಬೀಜವನ್ನು ನೆರಳಿನಲ್ಲಿ ಒಣಗಿಸಿ, ಒಣ ಬೂದಿಯೊಡನೆ ಗಾಜಿನ ಬಾಟಲಿಗೆ ತುಂಬಿ, ತಳಿಯ ಹೆಸರು ಮತ್ತು ವರ್ಷ ಬರೆದ ಚೀಟಿಯನ್ನು ಒಳಗೇ ಹಾಕಬೇಕು. ಹೊರಗೆ ಅಂಟಿಸಿದ ಚೀಟಿಯನ್ನು ಜಿರಳೆ ತಿನ್ನುತ್ತದೆ.